ಕೆನ್ಯಾದ ವಿಶೇಷ ಮಕ್ಕಳ ಮನೆಗೆ ಸಹಾಯ ಮಾಡ್ಬೇಕಾ? ಬಟ್ಟೆ ಮೂಟೆ ಕಟ್ಟೋ ಮುಂಚೆ ಇದನ್ನ ಓದಿ

ಪ್ರಶ್ನೆ: ನಮಸ್ತೆ ಮೇಡಂ. ನನ್ನ ತಮ್ಮ ಕೆಲಸದ ಮೇಲೆ ನೈರೋಬಿಯಲ್ಲಿದ್ದಾನೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ಮಕ್ಕಳ ಮನೆ ಇದೆಯಂತೆ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಆಟಿಸಂ ಇರೋ ಮಕ್ಕಳು, ಕಲಿಯೋದು ತುಂಬಾ ನಿಧಾನ ಇರೋ ಮಕ್ಕಳು ಅಲ್ಲಿದ್ದಾರೆ. ಅವನು ಒಂದು ಭಾನುವಾರ ಹೋಗಿ ಬಂದು ಹೇಳಿದ್ಮೇಲೆ ನಮಗೆ ಸುಮ್ನಿರೋಕೆ ಆಗ್ತಿಲ್ಲ. ಬಡಾವಣೆಯವರೆಲ್ಲ ಸೇರಿ ಬಟ್ಟೆ, ಆಟದ ಸಾಮಾನು, ಸ್ವಲ್ಪ ದುಡ್ಡು ಕೂಡಿಸಿ ಕಳಿಸೋಣ ಅಂತಿದೀವಿ, ಬೇಸಿಗೆ ರಜೆಯಲ್ಲಿ ಎರಡು ವಾರ ಹೋಗಿ ಸೇವೆ ಮಾಡಿ ಬರೋ ಆಸೆನೂ ಇದೆ. ಹೇಗೆ ಸಹಾಯ ಮಾಡಿದ್ರೆ ಆ ಮಕ್ಕಳಿಗೆ ನಿಜವಾಗ್ಲೂ ಉಪಯೋಗ ಆಗುತ್ತೆ? - ಶಿವಮೊಗ್ಗದ ಓದುಗರು

ಉತ್ತರ: ನಮಸ್ತೆ. ನಾನು ವಿಶೇಷ ಶಿಕ್ಷಣದ ಕೆಲಸದಲ್ಲೇ ಇರೋಳು, ಕೆನ್ಯಾದಲ್ಲಿ ಇಂಥ ಮನೆಗಳ ಜೊತೆ ಕೆಲಸ ಮಾಡಿದೀನಿ, ಅಲ್ಲಿನ ಟೀಚರ್‌ಗಳ ಜೊತೆ ಈಗ್ಲೂ ಮಾತುಕತೆ ಇದೆ. ಹಾಗಾಗಿ ನೇರವಾಗಿ ಹೇಳ್ಬಿಡ್ತೀನಿ. ಬಟ್ಟೆ, ಆಟದ ಸಾಮಾನು ಬೇಡ. ಎರಡು ವಾರದ ಸೇವೆನೂ ಸದ್ಯಕ್ಕೆ ಬೇಡ. ದುಡ್ಡು ಬೇಕು, ಅದೂ ಒಂದೇ ಸಲ ಕೊಡೋ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ತಪ್ಪದೆ ಬರೋ ಸಣ್ಣ ಮೊತ್ತ, ಮತ್ತೆ ಅದು ಹೋಗ್ಬೇಕಾದ್ದು ಆ ಮಕ್ಕಳನ್ನ ದಿನಾ ನೋಡ್ಕೊಳ್ಳೋ ಹೆಂಗಸರ ಸಂಬಳಕ್ಕೆ, ಫಿಟ್ಸ್ ಮಾತ್ರೆಗೆ, ಥೆರಪಿಗೆ, ಮಕ್ಕಳು ಅವರವರ ಮನೆಗೆ ವಾಪಸ್ ಹೋಗೋ ದಾರಿ ಮಾಡೋಕೆ. ಅದಕ್ಕೂ ಮುಂಚೆ ಆ ಮನೆ ಎಂಥದ್ದು ಅಂತ ವಿಚಾರಿಸ್ಬೇಕು, ಅದಕ್ಕೆ ಆಮೇಲೆ ಬರ್ತೀನಿ.

ಸಂಬಳಕ್ಕೆ ಅಂದ ತಕ್ಷಣ ಸುಮಾರು ಜನ ಮುಖ ಸಿಂಡರಿಸ್ತಾರೆ, ನಮ್ಮ ದುಡ್ಡು ಮಕ್ಕಳಿಗೇ ಸೇರ್ಬೇಕು ಅಂತಾರೆ. ಆದ್ರೆ ಈ ಮಕ್ಕಳ ವಿಷಯದಲ್ಲಿ ಮಕ್ಕಳಿಗೆ ಸೇರೋದು ಅಂದ್ರೆ ಅದೇ. ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ತೊಂದರೆಯಿಂದ ಮೈ, ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರೋ ಒಂದು ಮಗುಗೆ ಊಟ ಮಾಡ್ಸೋದನ್ನ ನೋಡಿ. ಬೆಳಿಗ್ಗೆ ಉಜಿ ಅಂತ ಗಂಜಿ ಕೊಡ್ತಾರೆ, ವಿಂಬಿ ಹಿಟ್ಟಿಂದು, ಅಂದ್ರೆ ನಮ್ಮ ರಾಗಿನೇ (ರಾಗಿಯ ಮೂಲ ಊರೇ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶ). ಮಗುನ ನೆಟ್ಟಗೆ ಕೂರಿಸ್ಬೇಕು, ಗದ್ದ ಸ್ವಲ್ಪ ಎದೆ ಕಡೆ ಬಾಗಿರ್ಬೇಕು, ಚಮಚನ ಎದುರಿಂದ ತರ್ಬೇಕು, ಒಂದು ತುತ್ತು ನುಂಗಿದ್ದು ಖಚಿತ ಆಗೋ ತನಕ ಇನ್ನೊಂದು ಚಮಚ ಎತ್ತೋ ಹಾಗಿಲ್ಲ, ನಡುವೆ ಕೆಮ್ಮಿದ್ರೆ ನಿಲ್ಲಿಸ್ಬೇಕು. ಒಂದು ಬಟ್ಟಲು ಗಂಜಿಗೆ ಅರ್ಧ ಗಂಟೆ ಮೇಲೇನೇ ಹಿಡಿಯುತ್ತೆ. ಅದೇ ಒಬ್ಬಳೇ ಹೆಂಗಸಿಗೆ ಹತ್ತು ಹನ್ನೆರಡು ಮಕ್ಕಳನ್ನ ವಹಿಸಿಬಿಟ್ರೆ ಅವಳು ಏನ್ ಮಾಡ್ತಾಳೆ, ಮಗುನ ಮಲಗಿಸಿಕೊಂಡೇ ಬೇಗ ಬೇಗ ಬಾಯಿಗೆ ಸುರೀತಾಳೆ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತೆ, ನ್ಯುಮೋನಿಯಾ ಬರುತ್ತೆ, ಇಂಥ ಮಕ್ಕಳು ತೀರಿಕೊಳ್ಳೋದಕ್ಕೆ ಒಂದು ದೊಡ್ಡ ಕಾರಣ ಇದು. ಇದ್ರಲ್ಲಿ ಆ ಹೆಂಗಸಿನ ತಪ್ಪೇನೂ ಇಲ್ಲ. ಅವಳ ಪಕ್ಕದಲ್ಲಿ ಇನ್ನೊಬ್ಬಳು ಇರ್ಬೇಕಿತ್ತು, ಇಬ್ಬರಿಗೂ ಟ್ರೇನಿಂಗ್ ಸಿಗ್ಬೇಕಿತ್ತು, ಸಂಬಳ ಸರಿಯಾಗಿ ಬಂದು ಇಬ್ಬರೂ ಆರು ತಿಂಗಳಿಗೆ ಬಿಟ್ಟು ಹೋಗದೆ ಅಲ್ಲೇ ಉಳೀಬೇಕಿತ್ತು. ಬಿಟ್ಟು ಹೋದ್ರೆ ಯಾವ ಮಗು ಹೇಗೆ ನುಂಗುತ್ತೆ, ಯಾವ ಮಗು ಯಾವ ಸನ್ನೆ ಮಾಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು ಅಂತ ಅರ್ಥ, ಆ ತಿಳುವಳಿಕೆ ಪೂರ್ತಿ ಅವಳ ಜೊತೆಗೇ ಹೋಗ್ಬಿಡುತ್ತೆ, ಹೊಸಬರು ಬಂದು ಮೊದಲಿಂದ ಶುರು ಮಾಡ್ಬೇಕು. ಮಾತು ಬಾರದ ಮಗುಗೆ ಇದೆಷ್ಟು ದೊಡ್ಡ ನಷ್ಟ ಅನ್ನೋದನ್ನ ದಾನ ಕೊಡೋರು ಯೋಚನೆ ಮಾಡೋದೇ ಕಮ್ಮಿ.

ಎರಡನೇದು ಫಿಟ್ಸ್ ಮಾತ್ರೆ. ಬುದ್ಧಿ ಬೆಳವಣಿಗೆ ಕುಂಠಿತ ಆಗಿರೋ ಮಕ್ಕಳಲ್ಲಿ, ಅದ್ರಲ್ಲೂ ಸೆರೆಬ್ರಲ್ ಪಾಲ್ಸಿ ಇರೋರಲ್ಲಿ ಮೂರ್ಛೆರೋಗ ಜಾಸ್ತಿ. ಹೆರಿಗೆ ಹೊತ್ತಲ್ಲಿ ಉಸಿರು ಕಟ್ಟಿದ್ದು, ಹುಟ್ಟಿದ ಕೂಡ್ಲೇ ಬಂದ ಕಾಮಾಲೆಗೆ ಚಿಕಿತ್ಸೆ ಸಿಗದೇ ಇದ್ದದ್ದು, ಮೆದುಳಿಗೆ ಏರಿದ ಮಲೇರಿಯಾ, ಮೆನಿಂಜೈಟಿಸ್, ಅಲ್ಲಿ ಎಷ್ಟೋ ಮಕ್ಕಳ ಕಥೆ ಹೀಗೇ ಶುರುವಾಗಿರುತ್ತೆ, ಮತ್ತೆ ಇವೆಲ್ಲ ಫಿಟ್ಸ್‌ನ ಜೊತೆಗೇ ತರುತ್ವೆ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆರೋಗ ಇದೆ, ಅವರಲ್ಲಿ ಹತ್ತಿರ ಹತ್ತಿರ 80% ಜನ ಇರೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ, ಸರಿಯಾಗಿ ಕಂಡುಹಿಡಿದು ಔಷಧಿ ಕೊಟ್ರೆ 70% ಜನ ಫಿಟ್ಸ್ ಇಲ್ಲದೆ ಬದುಕಬಹುದು. ಫಿನೋಬಾರ್ಬಿಟಾಲ್ ಅಂತ ಹಳೇ ಮಾತ್ರೆ ಇದೆ, ತುಂಬಾ ಅಗ್ಗ. ಸಮಸ್ಯೆ ಏನಂದ್ರೆ ಇಂಥ ಮಾತ್ರೆನ ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ರೆ ಮೊದಲಿಗಿಂತ ಜೋರಾಗಿ, ಬಿಡದೇ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಹಾಗಾಗಿ ದುಡ್ಡಿಲ್ಲ ಅಂತ ಎರಡು ವಾರ ಮಾತ್ರೆ ತಪ್ಪೋದು ಸಣ್ಣ ಮಾತಲ್ಲ. ನಿಮ್ಮ ಬಡಾವಣೆಯವರು ಬೇರೆ ಏನೂ ಮಾಡದೆ ಆ ಮನೆಯಲ್ಲಿ ಯಾವಾಗ್ಲೂ ಮೂರು ತಿಂಗಳ ಮಾತ್ರೆ ಸ್ಟಾಕ್ ಇರೋ ಹಾಗೆ ನೋಡ್ಕೊಂಡ್ರೂ ಅದು ನಿಜವಾದ ಸಹಾಯ. ಆದ್ರೆ ಮಾತ್ರೆನ ಇಲ್ಲಿಂದ ಕಳಿಸ್ಬೇಡಿ, ಅಲ್ಲಿ ಔಷಧಿ ತರಿಸೋಕೆ ಫಾರ್ಮಸಿ ಅಂಡ್ ಪಾಯ್ಸನ್ಸ್ ಬೋರ್ಡ್ ಅನುಮತಿ ಬೇಕು. ದುಡ್ಡು ಕಳಿಸಿ, ಡಾಕ್ಟ್ರು ಬರೆದ ಚೀಟಿ ಪ್ರಕಾರ ಅವರು ಅಲ್ಲೇ ತಗೋತಾರೆ. ಇನ್ನೊಂದು ಖರ್ಚು ಯಾರೂ ಕೇಳೋದಿಲ್ಲ, ದೊಡ್ಡ ಮಕ್ಕಳ ಡೈಪರ್. ಮನೆ ನಡೆಸೋರು ನಾಚಿಕೆಗೆ ಬಾಯಿ ಬಿಟ್ಟು ಹೇಳಲ್ಲ, ನೀವಾಗೇ ಕೇಳಿ.

ಸಾಮಾನು ಕೊಡ್ಲೇಬೇಕು ಅಂತಿದ್ರೆ ಕೂರೋ ಕುರ್ಚಿ ಬಗ್ಗೆ ಯೋಚನೆ ಮಾಡಿ. ಬೆನ್ನು ನಿಲ್ಲದ ಮಗುಗೆ ಅಂಗಡಿ ಕುರ್ಚಿ ಆಗಲ್ಲ, ಹೊರದೇಶದ ದಾನಿಗಳು ಕಳಿಸೋ ಹಳೇ ವೀಲ್‌ಚೇರ್‌ಗಳು ಸುಮಾರು ಸಲ ದೊಡ್ಡವರ ಅಳತೆದು, ಮಗು ಅದ್ರಲ್ಲಿ ಒಂದು ಕಡೆಗೆ ಜಾರಿ ಬೆನ್ನು ಇನ್ನೂ ಸೊಟ್ಟ ಆಗುತ್ತೆ. ಆಫ್ರಿಕಾದಲ್ಲೇ ಇದಕ್ಕೊಂದು ಒಳ್ಳೆ ಉಪಾಯ ಇದೆ, ಜಿಂಬಾಬ್ವೆಯಲ್ಲಿ ಶುರುವಾಗಿ ಕೆನ್ಯಾಕ್ಕೂ ಬಂದಿದ್ದು. ಹಳೇ ರಟ್ಟಿನ ಡಬ್ಬ, ನ್ಯೂಸ್‌ಪೇಪರು, ಹಿಟ್ಟು ಕಾಯಿಸಿ ಮಾಡಿದ ಅಂಟು, ಇಷ್ಟೇ. ರಟ್ಟನ್ನ ಪದರ ಪದರವಾಗಿ ಅಂಟಿಸಿ, ಭಾರ ಹೇರಿ, ಬಿಸಿಲಲ್ಲಿ ಒಣಗಿಸಿದ್ರೆ ಮರದ ಹಲಗೆ ಥರ ಗಟ್ಟಿ ಆಗುತ್ತೆ. ಆಮೇಲೆ ಆ ಮಗುವಿನ ಅಳತೆಗೇ ಕತ್ತರಿಸಿ, ಸೊಂಟ, ಮೊಣಕಾಲು, ಪಾದ ಮೂರೂ 90 ಡಿಗ್ರಿ ಕೋನದಲ್ಲಿ ಇರೋ ಹಾಗೆ ಜೋಡಿಸಿ, ಮುಂದೆ ಒಂದು ತಟ್ಟೆ ಇಟ್ಟು ವಾರ್ನಿಶ್ ಹೊಡೀತಾರೆ. ಸರಿಯಾಗಿ ಕೂತ ಮಗುವಿನ ಎರಡು ಕೈ ಮೊದಲ ಸಲ ಫ್ರೀ ಆಗುತ್ತೆ, ಎದುರಿಗಿರೋರ ಮುಖ ಕಾಣುತ್ತೆ, ಕಲಿಯೋದು ಅಲ್ಲಿಂದ ಶುರು. ಮಗು ಬೆಳೆದಂಗೆ ಹೊಸದು ಮಾಡ್ತಾ ಇರ್ಬೇಕು, ಒದ್ದೆ ಆದ್ರೆ ಹಾಳಾಗುತ್ತೆ, ಅದು ಅದರ ಕೊರತೆ. ಇದನ್ನ ಅಳತೆ ತಗೊಂಡು ಮಾಡೋಕೆ ಥೆರಪಿಸ್ಟ್ ಬೇಕು, ಅವರ ಫೀಸು ಕೊಡಿ. ವೀಲ್‌ಚೇರೇ ಬೇಕಾದ ಮಗುಗೆ ಅಸೋಸಿಯೇಷನ್ ಫಾರ್ ದಿ ಫಿಸಿಕಲಿ ಡಿಸೇಬಲ್ಡ್ ಆಫ್ ಕೆನ್ಯಾ ಅಂತ 1958ರಿಂದ ಇರೋ ಸಂಸ್ಥೆ ಇದೆ, ಅವರು ಅಲ್ಲೇ ತಯಾರು ಮಾಡ್ತಾರೆ, ರಿಪೇರಿನೂ ಅಲ್ಲೇ ಆಗುತ್ತೆ.

ಬಟ್ಟೆ ಯಾಕೆ ಬೇಡ ಅಂದೆ ಅಂದ್ರೆ, ನೈರೋಬಿಯಲ್ಲಿ ಗಿಕೊಂಬಾ ಅಂತ ಮಾರ್ಕೆಟ್ ಇದೆ, ಹೊರದೇಶದಿಂದ ಬರೋ ಹಳೇ ಬಟ್ಟೆ ಮೂಟೆ ಮೂಟೆ ಅಲ್ಲಿ ಮಾರ್ತಾರೆ, ಮಿತುಂಬಾ ಅಂತಾರೆ ಅದಕ್ಕೆ. ಒಳ್ಳೆ ಬಟ್ಟೆ ಕಮ್ಮಿ ದುಡ್ಡಿಗೆ ಸಿಗುತ್ತೆ. ನೀವು ಶಿವಮೊಗ್ಗದಿಂದ ಕಳಿಸೋ ಹಡಗಿನ ಖರ್ಚು, ಮೊಂಬಾಸಾ ಬಂದರಲ್ಲಿ ಕಸ್ಟಮ್ಸ್, ಅಲ್ಲಿ ದಿನ ಕಳೆದಂಗೆ ಏರೋ ಬಾಡಿಗೆ, ಇದನ್ನೆಲ್ಲ ಕೂಡಿಸಿದ್ರೆ ಆ ಬಟ್ಟೆಗಿಂತ ಜಾಸ್ತಿ ಆಗುತ್ತೆ, ಬಿಡಿಸಿಕೊಳ್ಳೋ ಕಷ್ಟ ಆ ಮನೆಯವರ ತಲೆಗೆ.

ಈಗ ವಿಚಾರಿಸೋ ವಿಷಯ, ಇದು ಎಲ್ಲಕ್ಕಿಂತ ಮುಖ್ಯ ಹಾಗಾಗಿ ದಯವಿಟ್ಟು ಹಾರಿಸಿ ಓದ್ಬೇಡಿ. ಕೆನ್ಯಾದಲ್ಲಿ ಇಂಥ ಮನೆಗಳನ್ನ ಚಾರಿಟಬಲ್ ಚಿಲ್ಡ್ರನ್ಸ್ ಇನ್‌ಸ್ಟಿಟ್ಯೂಷನ್ ಅಂತಾರೆ, ರಿಜಿಸ್ಟ್ರೇಷನ್ ನ್ಯಾಷನಲ್ ಕೌನ್ಸಿಲ್ ಫಾರ್ ಚಿಲ್ಡ್ರನ್ಸ್ ಸರ್ವಿಸಸ್ ಹತ್ರ ಆಗ್ಬೇಕು. ಮಕ್ಕಳ ಹೆಸರಲ್ಲಿ ದುಡ್ಡು ಮಾಡೋ ಮನೆಗಳೂ ಇದ್ವು, ಮಕ್ಕಳ ಕಳ್ಳಸಾಗಣೆ ಬಗ್ಗೆನೂ ಆತಂಕ ಇತ್ತು, ಹಾಗಾಗಿ 2017ರ ನವೆಂಬರ್‌ನಲ್ಲಿ ಸರ್ಕಾರ ಹೊಸ ಮನೆಗಳ ರಿಜಿಸ್ಟ್ರೇಷನ್ನೇ ನಿಲ್ಲಿಸ್ತು. 2022ರಲ್ಲಿ ಬಂದ ಚಿಲ್ಡ್ರನ್ ಆಕ್ಟ್ ಪ್ರಕಾರ ಮಗುನ ಸಂಸ್ಥೆಯಲ್ಲಿ ಇಡೋದು ಕೊನೇ ದಾರಿ, ಬೇರೆ ಏನೂ ಆಗದೇ ಇದ್ರೆ ಮಾತ್ರ, ಮತ್ತೆ 2022ರಿಂದ 2032ರ ತನಕ ಹತ್ತು ವರ್ಷದ ಯೋಜನೆ ಮಾಡಿದ್ದಾರೆ, ಮಕ್ಕಳನ್ನ ಮೆಲ್ಲಗೆ ಅಪ್ಪ ಅಮ್ಮನ ಹತ್ರ, ಅಜ್ಜಿ ಹತ್ರ, ಇಲ್ಲಾ ಸಾಕುವ ಕುಟುಂಬಕ್ಕೆ ಸೇರಿಸೋದು ಅಂತ. ವಿಶ್ವಸಂಸ್ಥೆ ಮಹಾಸಭೆನೂ 2019ರ ಡಿಸೆಂಬರ್‌ನಲ್ಲಿ ಇದೇ ಮಾತನ್ನ ನಿರ್ಣಯವಾಗಿ ಹೇಳಿದೆ. ಯಾಕಂದ್ರೆ ಅನಾಥಾಲಯ ಅಂತ ನಾವು ಕರೆಯೋ ಕಡೆ ಇರೋ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರ್ತಾರೆ.

ವಿಶೇಷ ಮಕ್ಕಳ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು. ಮಗು ಹೀಗಿದೆ ಅಂತ ಗೊತ್ತಾದ್ಮೇಲೆ ಗಂಡ ಬಿಟ್ಟು ಹೋಗಿರ್ತಾನೆ, ಅತ್ತೆ ಮನೆಯವರು ಶಾಪ ಅಂತಾರೆ, ಕೂಲಿಗೆ ಹೋಗ್ಬೇಕು ಅಂದ್ರೆ ಮಗುನ ಯಾರ ಹತ್ರ ಬಿಡೋದು, ಹತ್ತಿರದ ಶಾಲೆ ಸೇರಿಸ್ಕೊಳ್ಳಲ್ಲ, ಬೆಳಿಗ್ಗೆ ಬೀಗ ಹಾಕಿ ಹೋಗಿ ಸಂಜೆ ಬರೋ ತಾಯಂದಿರನ್ನ ನಾನು ನೋಡಿದೀನಿ, ಅವರ ಮೇಲೆ ನಂಗೆ ಒಂದು ಚೂರೂ ಕೋಪ ಇಲ್ಲ. ಅಂಥ ತಾಯಿ ಕೊನೆಗೆ ಮಗುನ ತಂದು ಇಂಥ ಮನೆಗೆ ಬಿಡ್ತಾಳೆ. ಅದಕ್ಕೇ ಬೇರೆ ಮಕ್ಕಳೆಲ್ಲ ಮನೆಗೆ ವಾಪಸ್ ಹೋದ್ರೂ ಕೊನೆಗೆ ಉಳಿಯೋರು ಈ ಮಕ್ಕಳೇ. ಮನೆಯನ್ನ ಮುಚ್ಚಿ ಅಂತ ನಾನು ಹೇಳ್ತಾ ಇಲ್ಲ, ಹೋಗೋಕೆ ನಿಜವಾಗ್ಲೂ ಜಾಗ ಇಲ್ಲದ ಮಕ್ಕಳೂ ಇದ್ದಾರೆ. ಆದ್ರೆ ನಿಮ್ಮ ದುಡ್ಡು ಇನ್ನೂ ಹತ್ತು ಹಾಸಿಗೆ ಹಾಕಿಸೋಕೆ ಹೋದ್ರೆ ಇನ್ನೂ ಹತ್ತು ಮಕ್ಕಳು ತಾಯಿಂದ ದೂರ ಆಗ್ತಾರೆ. ಅದೇ ದುಡ್ಡಲ್ಲಿ ಆ ಮನೆಯವರು ಬೆಳಿಗ್ಗೆಯಿಂದ ಸಂಜೆ ತನಕ ನೋಡ್ಕೊಳ್ಳೋ ಡೇ ಕೇರ್ ಶುರು ಮಾಡಿದ್ರೆ, ಸುತ್ತಲಿನ ಊರಿನ ತಾಯಂದಿರು ಮಗುನ ಬಿಟ್ಟು ಕೆಲಸಕ್ಕೆ ಹೋಗಿ ರಾತ್ರಿ ತಮ್ಮ ಜೊತೆಗೇ ಮಲಗಿಸ್ಕೋತಾರೆ. ನನ್ನ ಅಭಿಪ್ರಾಯದಲ್ಲಿ ನೀವು ಹಾಕಬಹುದಾದ ದುಡ್ಡಲ್ಲಿ ಅತೀ ಒಳ್ಳೇದು ಇದು.

ಹಾಗಾಗಿ ನಿಮ್ಮ ತಮ್ಮ ಮುಂದಿನ ಸಲ ಹೋದಾಗ ಕೇಳ್ಬೇಕಾದ್ದು: ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ಗೋಡೆ ಮೇಲಿದೆಯಾ, ಆ ಜಾಗದ ಸರ್ಕಾರಿ ಮಕ್ಕಳ ಅಧಿಕಾರಿಗೆ ಈ ಮನೆ ಗೊತ್ತಾ, ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದ್ರು, ಉಳಿದವರನ್ನ ನೋಡೋಕೆ ಮನೆಯವರು ಬರ್ತಾರಾ, ರಾತ್ರಿ ಹೊತ್ತು ಎಷ್ಟು ಮಕ್ಕಳಿಗೆ ಎಷ್ಟು ಜನ ಎಚ್ಚರ ಇರ್ತಾರೆ, 18 ದಾಟಿದವರು ಎಲ್ಲಿಗೆ ಹೋಗ್ತಾರೆ. ಲೆಕ್ಕ ಯಾರು ಆಡಿಟ್ ಮಾಡ್ತಾರೆ ಅನ್ನೋದನ್ನೂ ಕೇಳ್ಲಿ. ಮಾತ್ರೆ ಕೊಟ್ಟ ರಿಜಿಸ್ಟರ್ ತೋರಿಸಿ ಅನ್ಲಿ, ಒಳ್ಳೆ ಮನೆಯಲ್ಲಿ ಅದು ಕೈಗೆಟುಕೋ ಜಾಗದಲ್ಲೇ ಇರುತ್ತೆ, ದಿನಾ ತುಂಬಿರುತ್ತೆ, ಸಹಿ ಇರುತ್ತೆ. ಇದನ್ನ ಕೇಳಿದ್ರೆ ಒಳ್ಳೆಯವರು ಬೇಜಾರು ಮಾಡ್ಕೊಳ್ಳಲ್ಲ, ಖುಷಿಯಿಂದ ತೋರಿಸ್ತಾರೆ. ಮತ್ತೆ ಯಾರಾದ್ರೂ ಅಪರಿಚಿತ ಬಂದು ಮಕ್ಕಳನ್ನ ಎತ್ಕೊಂಡು ಫೋಟೋ ಹೊಡ್ಕೊಂಡು ಹೋಗೋಕೆ ಬಿಡೋ ಮನೆ ಆಗಿದ್ರೆ, ಎಷ್ಟೇ ಪ್ರೀತಿಯಿಂದ ಮಾತಾಡಿದ್ರೂ ನಂಗೆ ಅನುಮಾನ. ನಿಮ್ಮ ತಮ್ಮನ ಹತ್ರ ಫೋಟೋ ಇದ್ರೆ ಮಕ್ಕಳ ಮುಖ ಇರೋದನ್ನ ಬಡಾವಣೆ ಗ್ರೂಪಲ್ಲಿ ಹಾಕ್ಬೇಡಿ, ದುಡ್ಡು ಕೂಡಿಸೋಕೂ ಬೇಡ. ನಮ್ಮ ಮಕ್ಕಳ ಫೋಟೋನ ಯಾರೋ ಗುರುತಿಲ್ಲದೋರು ಹಾಗೆ ಹಂಚಿದ್ರೆ ನಾವು ಸುಮ್ನೆ ಬಿಡ್ತೀವಾ?

ಒಂದೊಂದು ಮಗುನ ಒಬ್ಬೊಬ್ಬರು ದತ್ತು ತಗೊಂಡ ಹಾಗೆ ಸ್ಪಾನ್ಸರ್ ಮಾಡೋ ಪದ್ಧತಿನೂ ನಂಗೆ ಇಷ್ಟ ಇಲ್ಲ. ನಗೋ ಮಗು, ಮುದ್ದಾಗಿರೋ ಮಗುಗೆ ಮೂರು ಸ್ಪಾನ್ಸರ್, ಜೊಲ್ಲು ಸುರಿಸೋ, ಕಿರುಚೋ ಮಗುಗೆ ಯಾರೂ ಇಲ್ಲ, ಹೀಗೆ ಆಗೇ ಆಗುತ್ತೆ. ದುಡ್ಡನ್ನ ಇಡೀ ಮನೆಗೆ ಅಂತ ಕೊಡಿ, ಯಾವುದಕ್ಕೆ ಖರ್ಚಾಯ್ತು ಅಂತ ಮೂರು ತಿಂಗಳಿಗೊಮ್ಮೆ ಒಂದು ಪುಟದ ಲೆಕ್ಕ ಕೇಳಿ, ಅಷ್ಟು ಸಾಕು, ದಪ್ಪ ರಿಪೋರ್ಟ್ ಬರೆಯೋಕೆ ಅವರನ್ನ ಕೂರಿಸ್ಬೇಡಿ.

ಶಾಲೆ ವಿಷಯ. ಕೆನ್ಯಾದಲ್ಲಿ ವಿಶೇಷ ಶಿಕ್ಷಣ ಏನೂ ಇಲ್ಲ ಅಂತ ಅಂದ್ಕೋಬೇಡಿ. ಮಗುನ ಪರೀಕ್ಷೆ ಮಾಡಿ ಯಾವ ಶಾಲೆ ಸರಿ ಅಂತ ಹೇಳೋ ಸರ್ಕಾರಿ ಕೇಂದ್ರಗಳು 1984ರಿಂದಲೇ ಇದಾವೆ, ಇಯಾರ್ಕ್ ಅಂತ ಕರೀತಾರೆ, ಡೆನ್ಮಾರ್ಕ್ ನೆರವಿಂದ ಶುರುವಾಗಿದ್ದು. 1986ರಲ್ಲಿ ಶುರುವಾದ ಕೆನ್ಯಾ ಇನ್‌ಸ್ಟಿಟ್ಯೂಟ್ ಆಫ್ ಸ್ಪೆಷಲ್ ಎಜುಕೇಷನ್ ನೈರೋಬಿಯ ಕಸರಾನಿಯಲ್ಲಿದೆ, ಅಲ್ಲಿ ಟೀಚರ್‌ಗಳಿಗೆ ಟ್ರೇನಿಂಗ್ ಕೊಡ್ತಾರೆ. ಮಾಮೂಲಿ ಪ್ರೈಮರಿ ಶಾಲೆಗಳಲ್ಲೇ ವಿಶೇಷ ಮಕ್ಕಳ ಘಟಕ ಇರೋ ಕಡೆನೂ ಇದೆ. ಆದ್ರೆ ಮಗುಗೆ ಬರ್ತ್ ಸರ್ಟಿಫಿಕೇಟ್ ಇರಲ್ಲ, ಪರೀಕ್ಷೆಗೆ ಕರ್ಕೊಂಡು ಹೋಗೋಕೆ ಗಾಡಿ ಖರ್ಚಿಗೆ ಇರಲ್ಲ, ನಡೆಯೋಕಾಗದ ಮಗುನ ಮಟಾಟುಗೆ (ಅಲ್ಲಿನ ಖಾಸಗಿ ಮಿನಿಬಸ್) ಹತ್ತಿಸ್ಕೊಳ್ಳೋಕೆ ಕಂಡಕ್ಟರ್ ಒಪ್ಪಲ್ಲ. ಸರ್ಕಾರದಿಂದ ತೀವ್ರ ಅಂಗವೈಕಲ್ಯ ಇರೋರ ಕುಟುಂಬಕ್ಕೆ ಇನುವಾ ಜಮೀ ಅನ್ನೋ ಯೋಜನೆಯಲ್ಲಿ ತಿಂಗಳಿಗೆ 2,000 ಶಿಲಿಂಗ್ ಕೊಡೋ ವ್ಯವಸ್ಥೆನೂ ಇದೆ, ಅದನ್ನ ಪಡೆಯೋಕೂ ಕಾಗದ ಪತ್ರ, ಆಸ್ಪತ್ರೆ ಪರೀಕ್ಷೆ, ಆಫೀಸಿಂದ ಆಫೀಸಿಗೆ ಓಡಾಟ. ಒಬ್ಬ ಸೋಶಿಯಲ್ ವರ್ಕರ್‌ಗೆ ಸಂಬಳ ಮತ್ತೆ ಬಸ್ ಚಾರ್ಜ್ ಕೊಟ್ರೆ ಒಂದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಈ ಬಾಗಿಲು ತೆರೆಯುತ್ತೆ ನೋಡಿ.

ಎರಡು ವಾರದ ಸೇವೆ ಬಗ್ಗೆ. ನಿಮ್ಮ ಮನಸ್ಸು ದೊಡ್ಡದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಹೊಸಬರು ಬಂದು ಹಚ್ಚಿಕೊಂಡು, ಎತ್ತಿ ಆಡಿಸಿ, ಹದಿನೈದು ದಿನಕ್ಕೆ ಹೊರಟು ಹೋಗೋದು ಆ ಮಕ್ಕಳಿಗೆ ಮತ್ತೆ ಮತ್ತೆ ಆಗ್ತಾನೇ ಇರುತ್ತೆ, ಯಾಕೆ ಹೋದ್ರು ಅಂತ ಅವರಿಗೆ ವಿವರಿಸಿ ಹೇಳೋಕೂ ಆಗಲ್ಲ. ಆಟಿಸಂ ಇರೋ ಮಗುಗೆ ದಿನಚರಿ ಬದಲಾದ್ರೇ ಸಾಕು, ಸುಧಾರಿಸ್ಕೊಳ್ಳೋಕೆ ದಿನಗಟ್ಟಲೆ ಬೇಕು. ಇನ್ನು ಕಾನೂನು, 2024ರ ಜನವರಿಯಿಂದ ಕೆನ್ಯಾಕ್ಕೆ ವೀಸಾ ಬದಲು ಇಟಿಎ (ಹೊರಡೋ ಮುಂಚೆ ಆನ್‌ಲೈನಲ್ಲಿ ತಗೋಬೇಕಾದ ಅನುಮತಿ) ಬಂದಿದೆ, ಟೂರಿಸ್ಟ್ ಅಂತ ಅದನ್ನ ತಗೊಂಡು ಹೋಗಿ ಸಂಸ್ಥೆಯಲ್ಲಿ ಕೆಲಸ ಮಾಡೋ ಹಾಗಿಲ್ಲ, ಸಂಬಳ ಇಲ್ಲದ ಸೇವೆ ಆದ್ರೂ ಸರಿ, ಪರ್ಮಿಟ್ ಅಥವಾ ಸ್ಪೆಷಲ್ ಪಾಸ್ ಬೇಕು. ಮಾಸಾಯಿ ಮಾರಾ ನೋಡೋಕೆ, ತಮ್ಮನ್ನ ನೋಡೋಕೆ ಖಂಡಿತ ಹೋಗಿ (ಯೆಲ್ಲೋ ಫೀವರ್ ಇಂಜೆಕ್ಷನ್ ಮರೀಬೇಡಿ, ವಾಪಸ್ ಬರುವಾಗ ಇಲ್ಲಿ ಸರ್ಟಿಫಿಕೇಟ್ ಕೇಳ್ತಾರೆ), ಆ ಮನೆಗೂ ಹೋಗಿ, ಮನೆ ನಡೆಸೋರ ಜೊತೆ ಕೂತು ಮಾತಾಡಿ, ಚಹಾ ಕುಡಿದು ಬನ್ನಿ. ನೈರೋಬಿಯಲ್ಲೇ ಇರೋ ನಿಮ್ಮ ತಮ್ಮನ ಕಥೆ ಬೇರೆ. ಅವನು ವರ್ಷಗಟ್ಟಲೆ ಅಲ್ಲಿರ್ತಾನೆ ಅಂದ್ರೆ, ಆ ಮನೆಯ ಲೆಕ್ಕ ಬರೆಯೋಕೋ, ಕಂಪ್ಯೂಟರ್ ಸರಿ ಮಾಡೋಕೋ ಪ್ರತಿ ತಿಂಗಳು ತಪ್ಪದೆ ಹೋದ್ರೆ ಅದು ದೊಡ್ಡ ಸೇವೆ.

ನಿಮ್ಮ ಬಡಾವಣೆಯಲ್ಲಿ ಫಿಸಿಯೋಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್, ವಿಶೇಷ ಮಕ್ಕಳ ಟೀಚರ್ ಯಾರಾದ್ರೂ ಇದ್ದಾರಾ? ಇದ್ರೆ ಅವರ ಕೈಲಿ ದುಡ್ಡಿಗಿಂತ ಬೆಲೆ ಬಾಳೋದು ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು ನಮ್ಮ ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ, ಕೆನ್ಯಾದಲ್ಲಿ ಸ್ಪೀಚ್ ಥೆರಪಿಸ್ಟ್ ಸಿಗೋದೇ ಅಪರೂಪ. ಅವರು ಮಗುಗೆ ವಿಡಿಯೋದಲ್ಲಿ ಪಾಠ ಮಾಡೋದಲ್ಲ, ಅಲ್ಲಿನ ಆಯಾಗಳಿಗೆ, ಟೀಚರ್‌ಗೆ ಕಲಿಸ್ಬೇಕು. ನಮಗೂ ಅವರಿಗೂ ಎರಡೂವರೆ ಗಂಟೆ ಅಷ್ಟೇ ವ್ಯತ್ಯಾಸ, ಅಲ್ಲಿ ಮಧ್ಯಾಹ್ನ 2 ಗಂಟೆಗೆ ಮಕ್ಕಳು ಮಲಗಿದ್ದಾಗ ಇಲ್ಲಿ ನಾಲ್ಕೂವರೆ, ವಾರಕ್ಕೊಂದು ಗಂಟೆ ವಾಟ್ಸಾಪ್ ಕಾಲ್ ಸಾಕು. ಈ ವಾರ ಊಟ ಮಾಡ್ಸೋ ರೀತಿ, ಮುಂದಿನ ವಾರ ಚಿತ್ರದ ಕಾರ್ಡ್ ತೋರಿಸಿ ಬೇಕು ಬೇಡ ಹೇಳಿಸೋದು, ಹೀಗೆ. ಆದ್ರೆ ಒಂದು ವರ್ಷನಾದ್ರೂ ಬಿಡದೆ ಮಾಡ್ತೀನಿ ಅನ್ನೋರು ಮಾತ್ರ ಕೈ ಹಾಕ್ಲಿ, ಮತ್ತೆ ಮೊದಲ ಕೆಲವು ವಾರ ಅವರು ಹೇಗೆ ಮಾಡ್ತಾರೆ ಅಂತ ಸುಮ್ನೆ ನೋಡ್ಲಿ, ಆ ಹೆಂಗಸರಿಗೆ ಗೊತ್ತಿರೋದು ತುಂಬಾ ಇದೆ.

ದುಡ್ಡು ಕಳಿಸೋ ದಾರಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾನೂನು) ಅನುಮತಿ ಬೇಕಾ ಅಂತ ಸುಮಾರು ಜನ ಕೇಳ್ತಾರೆ, ಅದು ಹೊರಗಿಂದ ಭಾರತಕ್ಕೆ ಬರೋ ದುಡ್ಡಿಗೆ, ನಿಮಗೆ ಸಂಬಂಧ ಇಲ್ಲ. ನೀವು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಅನ್ನೋ ನಿಯಮದ ಕೆಳಗೆ ಬ್ಯಾಂಕ್ ಮೂಲಕ ದಾನ ಅಂತಲೇ ನಮೂದಿಸಿ ಕಳಿಸಬಹುದು, ಪ್ಯಾನ್ ಮತ್ತೆ ಎ2 ಫಾರ್ಮ್ (ಹೊರದೇಶಕ್ಕೆ ದುಡ್ಡು ಕಳಿಸೋಕೆ ಬ್ಯಾಂಕಲ್ಲಿ ತುಂಬೋ ಅರ್ಜಿ) ಬೇಕು, ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ತನಕ ಮಿತಿ, ನಿಮ್ಮ ಮೊತ್ತಕ್ಕೆ ಅದು ಯೋಚನೆನೇ ಅಲ್ಲ. ಆದ್ರೆ ಇದು ವ್ಯಕ್ತಿಗಳಿಗೆ ಮಾತ್ರ, ಸಂಘ ಟ್ರಸ್ಟ್ ಹೆಸರಲ್ಲಿ ಆಗಲ್ಲ, ಹಾಗಾಗಿ ಬಡಾವಣೆ ಸಂಘದ ಅಕೌಂಟಿಂದ ಕಳಿಸೋ ಪ್ಲಾನ್ ಬಿಟ್ಟುಬಿಡಿ. ಎಲ್ಲರ ದುಡ್ಡೂ ಒಬ್ಬರ ಅಕೌಂಟಿಗೆ ತುಂಬಿಸಿ ಕಳಿಸಿದ್ರೆ ಆಮೇಲೆ ಅವರು ಲೆಕ್ಕ ಹೇಳ್ಬೇಕಾಗುತ್ತೆ. 80ಜಿ ತೆರಿಗೆ ವಿನಾಯಿತಿ ಹೊರದೇಶದ ಸಂಸ್ಥೆಗೆ ಕೊಟ್ಟಿದ್ದಕ್ಕೆ ಸಿಗಲ್ಲ. ನಿಮ್ಮಲ್ಲಿ ಯಾರದ್ದಾದ್ರೂ ಕಂಪನಿ ಸಿಎಸ್‌ಆರ್ (ಕಂಪನಿಗಳು ಸಮಾಜ ಸೇವೆಗೆ ಅಂತ ಎತ್ತಿಡೋ ದುಡ್ಡು) ಕೊಡ್ತೀನಿ ಅಂದ್ರೂ ಬೇಡ ಅನ್ನಿ, ಸಿಎಸ್‌ಆರ್ ದುಡ್ಡು ಭಾರತದೊಳಗೇ ಖರ್ಚಾಗ್ಬೇಕು ಅಂತ ನಿಯಮ ಇದೆ. ಪ್ರತಿ ಸಲ ಬ್ಯಾಂಕ್ ಚಾರ್ಜ್ ಬೀಳೋದ್ರಿಂದ ಇಲ್ಲಿಂದ ಕಳಿಸೋರು ಮೂರು ತಿಂಗಳದ್ದು ಒಟ್ಟಿಗೆ ಕಳಿಸಿ, ಆದ್ರೆ ಮುಂದಿನ ಕಂತು ಯಾವ ತಾರೀಖಿಗೆ ಬರುತ್ತೆ ಅಂತ ಅವರಿಗೆ ಮೊದಲೇ ತಿಳಿಸಿ, ಆ ತಾರೀಖು ತಪ್ಪಿಸ್ಬೇಡಿ. ಡಿಸೆಂಬರ್‌ನಲ್ಲಿ ಎಲ್ಲರೂ ಬ್ರೆಡ್ಡು, ಎಣ್ಣೆ, ಮೆಕ್ಕೆಜೋಳದ ಹಿಟ್ಟು ಹೊತ್ಕೊಂಡು ಬರ್ತಾರೆ, ಜನವರಿಗೆ ಶಾಲೆ ಶುರುವಾದಾಗ, ಅದರಾಚೆ ತಿಂಗಳುಗಳಲ್ಲಿ ಯಾರೂ ಇರಲ್ಲ, ನಿಮ್ಮ ಕಂತು ಆಗ ಬೀಳೋ ಹಾಗೆ ಇಟ್ಕೊಳ್ಳಿ.

ದೊಡ್ಡದೇನಾದ್ರೂ ಮಾಡೋ ಮನಸ್ಸಿದ್ರೆ, ಡೇ ಕೇರ್, ಟ್ರೇನಿಂಗ್, ಥೆರಪಿ ಸಾಮಾನು ಎಲ್ಲ ಸೇರಿಸಿ, ನಿಮ್ಮೂರಿನ ರೋಟರಿ ಕ್ಲಬ್‌ನವರನ್ನ ಕೇಳಿ. ರೋಟರಿಯ ಗ್ಲೋಬಲ್ ಗ್ರಾಂಟ್ ಅಂತ ಇದೆ, ಬೇರೆ ಬೇರೆ ದೇಶದ ಎರಡು ಕ್ಲಬ್ ಸೇರಿ ಮಾಡೋದು, ಇಲ್ಲಿ ಒಂದು, ನೈರೋಬಿಯಲ್ಲಿ ಒಂದು. ಕನಿಷ್ಠ 30,000 ಡಾಲರ್ ಬಜೆಟ್ ಇರ್ಬೇಕು, ಅಲ್ಲಿನ ಜನಕ್ಕೆ ಏನು ಬೇಕು ಅಂತ ಮೊದಲು ಅಧ್ಯಯನ ಮಾಡಿ ತೋರಿಸ್ಬೇಕು. ಸಮಯ ಹಿಡಿಯುತ್ತೆ, ಆದ್ರೆ ಅಲ್ಲಿನ ಕ್ಲಬ್‌ನವರೇ ನಿಂತು ನೋಡ್ಕೋತಾರೆ. ಒಂದು ವೇಳೆ ವಿಚಾರಿಸಿದ್ಮೇಲೆ ಆ ಮನೆ ಸರಿ ಇಲ್ಲ ಅನ್ನಿಸಿದ್ರೆ ನಿರಾಸೆ ಆಗ್ಬೇಡಿ. ಬುದ್ಧಿ ಬೆಳವಣಿಗೆ ಕಮ್ಮಿ ಇರೋರ ಕುಟುಂಬಗಳು ಸೇರಿ ನಡೆಸೋ ಕೆನ್ಯಾ ಅಸೋಸಿಯೇಷನ್ ಆಫ್ ದಿ ಇಂಟಲೆಕ್ಚುಯಲಿ ಹ್ಯಾಂಡಿಕ್ಯಾಪ್ಡ್ ಅಂತ ಸಂಸ್ಥೆ ಇದೆ, ತಂದೆ ತಾಯಂದಿರ ಗುಂಪುಗಳ ಜೊತೆ ಕೆಲಸ ಮಾಡ್ತಾರೆ, ಅಂಥ ಕಡೆ ಮಾತಾಡಿ.

ತಮ್ಮ ಅಲ್ಲೇ ಇರೋದ್ರಿಂದ ಅವನು ಎಂ-ಪೇಸಾದಲ್ಲೇ (ಅಲ್ಲಿ ಮೊಬೈಲಿಂದ ದುಡ್ಡು ಕಳಿಸೋ ವ್ಯವಸ್ಥೆ) ಕೊಡಬಹುದು, ಅಲ್ಲಿ ಸಂಸ್ಥೆಗಳಿಗೆ ದುಡ್ಡು ತಗೊಳ್ಳೋಕೆ ಅಂತಲೇ ಸಂಸ್ಥೆ ಹೆಸರಲ್ಲಿ ಪೇಬಿಲ್ ನಂಬರ್ ಇರುತ್ತೆ. ಯಾರದ್ದೋ ಸ್ವಂತ ಮೊಬೈಲ್ ನಂಬರಿಗೆ ಹಾಕಿ ಅಂದ್ರೆ ಒಪ್ಪಬೇಡಿ ಅಂತ ಅವನಿಗೆ ಹೇಳಿ. ಮೊದಲು ನೂರು ಶಿಲಿಂಗ್ ಹಾಕಿ, ವಾಪಸ್ ಬರೋ ಮೆಸೇಜಲ್ಲಿ ಸಂಸ್ಥೆ ಹೆಸರೇ ಬರುತ್ತಾ, ಅದು ಗೋಡೆ ಮೇಲಿನ ಸರ್ಟಿಫಿಕೇಟಲ್ಲಿರೋ ಹೆಸರಿಗೆ ಸರಿಯಾಗಿ ಹೊಂದುತ್ತಾ ಅಂತ ನೋಡ್ಲಿ, ಆಮೇಲೆ ಉಳಿದಿದ್ದು.